ಬೀರು ತುಂಬುವ ಮೊದಲು: ಹಾಸನದ ಸಂಪ್ರದಾಯಪರ ಗೆಳೆಯರಿಗೊಂದು ಬಹಿರಂಗ ಪತ್ರ

ಗೆಳೆಯರೇ, ನಮಸ್ಕಾರ.

ನೀವು ಕಳುಹಿಸಿದ ಪಟ್ಟಿ ತಲುಪಿತು. ಬಿ.ಎಂ. ರಸ್ತೆಯ ಪಕ್ಕದ ಬಾಡಿಗೆ ಕೋಣೆಯಲ್ಲಿ ಒಂದು ಬೀರು, ಆರು ಬೆಂಚು, ಬಿಳಿ ಬಳಿದ ಗೋಡೆಯ ಮುಂದೆ ಒಂದು ಪ್ರೊಜೆಕ್ಟರ್. ವಾರಕ್ಕೊಮ್ಮೆ ಓದು, ತಿಂಗಳಿಗೊಮ್ಮೆ ಸಿನಿಮಾ. ಯೋಜನೆ ಚೆನ್ನಾಗಿದೆ. ‘ನಮ್ಮ ವಿಚಾರದವರು ಓದಲೇಬೇಕಾದ ಪುಸ್ತಕಗಳು, ನೋಡಲೇಬೇಕಾದ ಚಿತ್ರಗಳು’ ಎಂಬ ತಲೆಬರಹದ ಕೆಳಗೆ 22 ಪುಸ್ತಕ, 11 ಸಿನಿಮಾ ಬರೆದು, ‘ಹಿರಿಯರು ಒಮ್ಮೆ ಕಣ್ಣಾಡಿಸಿ ಸಹಿ ಮಾಡಿಕೊಡಿ’ ಎಂದಿದ್ದೀರಿ. ಕಂದಾಯ ಇಲಾಖೆಯಲ್ಲಿ 33 ವರ್ಷ ದುಡಿದವನು ನಾನು. ಕಣ್ಣಾಡಿಸಿ ಸಹಿ ಮಾಡಿದವರ ಗತಿ ಏನಾಯಿತೆಂದು ನೋಡಿದ್ದೇನೆ. ಹಾಗಾಗಿ ಪಟ್ಟಿಯನ್ನು ಓದಿದೆ, ಸಹಿ ಮಾಡಿಲ್ಲ. ನಿಮಗೊಬ್ಬರಿಗೇ ಹೇಳಿ ಮುಗಿಸಬಹುದಿತ್ತು. ಇಂಥದೇ ಪಟ್ಟಿಗಳು ಅರಸೀಕೆರೆಯಲ್ಲಿ, ಸಕಲೇಶಪುರದಲ್ಲಿ, ಘಟ್ಟದಾಚೆಗೂ ಮೊಬೈಲಿನಿಂದ ಮೊಬೈಲಿಗೆ ಹಾರಾಡುತ್ತಿರುವುದರಿಂದ ಎಲ್ಲರೆದುರಿಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಎದುರು ಪಾಳೆಯದವನಲ್ಲ. ಹಳೆಯದಾಗಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಕೆಡವಬಾರದು ಎಂಬುದು ನನ್ನ ಸ್ವಭಾವ. ಗೌರಿ ಹಬ್ಬಕ್ಕೆ ಬರುವ ನನ್ನ ಎಡಪಂಥೀಯ ತಂಗಿಯ ಮಗನ ಜೊತೆ ಹೋಳಿಗೆ ಮುಗಿಯುವುದರೊಳಗೆ ಜಗಳವಾಗದ ವರ್ಷವಿಲ್ಲ. ಪಟ್ಟಿ ನೋಡಿದಾಗ ಮೊದಲು ನೆನಪಾದವನೂ ಅವನೇ. ‘ಮಾವ, ನಿಮ್ಮವರಿಗೆ ಏನನ್ನು ದ್ವೇಷಿಸಬೇಕು ಎನ್ನುವುದು ಗೊತ್ತು, ಏನನ್ನು ಉಳಿಸಿಕೊಳ್ಳಬೇಕು ಎನ್ನುವುದು ಗೊತ್ತಿಲ್ಲ’ ಎಂದು ಅವನು ಕಳೆದ ಸಲ ಅಂದಿದ್ದ. ಆಗ ನಾನು ರೇಗಿದ್ದೆ. ನಿಮ್ಮ 22 ಪುಸ್ತಕಗಳಲ್ಲಿ 19 ಪುಸ್ತಕಗಳು ನಮಗೆ ಯಾರು ಯಾರು ಅನ್ಯಾಯ ಮಾಡಿದರು ಎಂಬುದನ್ನೇ ಹೇಳುತ್ತವೆ. 11 ಚಿತ್ರಗಳಲ್ಲಿ ಒಂಬತ್ತನ್ನು ನಾನು ನೋಡಿದ್ದೇನೆ. ಖಳನಾಯಕ ಬಾಗಿಲು ದಾಟುವ ಮೊದಲೇ ಹಿನ್ನೆಲೆ ಸಂಗೀತ ಅವನ ಜಾತಕ ಓದಿಬಿಡುತ್ತದೆ. ಆಗಿರುವ ಅನ್ಯಾಯಗಳೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆದರೆ ಇದು ದಾವೆಯ ಕಡತವಾಯಿತು, ಆಸ್ತಿಯ ಪಟ್ಟಿ ಎಲ್ಲಿದೆ?

ಮೂರನೆಯ ಸಾಲಿನಲ್ಲಿ ಹದಿನೆಂಟನೆಯ ಶತಮಾನದ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ ಎಡ್ಮಂಡ್ ಬರ್ಕ್ ಇದ್ದಾನೆ, ಸಂತೋಷ. ಫ್ರೆಂಚ್ ಕ್ರಾಂತಿಯನ್ನು ಕುರಿತು 1790ರಲ್ಲಿ ಅವನು ಬರೆದ ಪುಸ್ತಕವಿಲ್ಲದೆ ಇಂಥ ಬೀರು ಪೂರ್ತಿಯಾಗುವುದಿಲ್ಲ. ಸಮಾಜವೆಂದರೆ ಬದುಕಿರುವವರ ನಡುವಿನ ಒಪ್ಪಂದ ಮಾತ್ರವಲ್ಲ, ಸತ್ತವರೂ ಇನ್ನು ಹುಟ್ಟಬೇಕಾದವರೂ ಅದರಲ್ಲಿ ಪಾಲುದಾರರು ಎಂದು ವಾದಿಸಿದವನು ಅವನು. ನಮ್ಮ ಕಚೇರಿಯ ಮಾತಿನಲ್ಲಿ ಹೇಳುವುದಾದರೆ ಅದು ಜಂಟಿ ಖಾತೆ. ಒಬ್ಬನೇ ಹೋಗಿ ಕ್ರಯಪತ್ರ ಬರೆದುಕೊಟ್ಟು ಬರುವ ಹಾಗಿಲ್ಲ.

ನೀವು ಬಿಟ್ಟಿರುವ ಬರ್ಕ್ ಇನ್ನೊಬ್ಬನಿದ್ದಾನೆ. 1785ರಲ್ಲಿ, ಆರ್ಕಾಟಿನ ನವಾಬನ ಸಾಲಗಳನ್ನು ಕುರಿತು ಪಾರ್ಲಿಮೆಂಟಿನಲ್ಲಿ ಅವನೊಂದು ಭಾಷಣ ಮಾಡಿದ. ಈಸ್ಟ್ ಇಂಡಿಯಾ ಕಂಪನಿಯ ನೌಕರರು ನವಾಬನ ತಲೆಗೆ ಕಟ್ಟಿದ ಸಾಲವನ್ನು ಕೊನೆಗೆ ಹೊತ್ತವರು ಯಾರು ಎಂಬುದು ಅದರ ವಿಷಯ. ಆ ಭಾಷಣದ ನಡುವೆ ಬರ್ಕ್ ಇದ್ದಕ್ಕಿದ್ದಂತೆ ಕೆರೆಗಳ ಬಗ್ಗೆ ಮಾತನಾಡತೊಡಗುತ್ತಾನೆ. ಮಳೆ ಸಾಲದ ಆ ಸೀಮೆಯಲ್ಲಿ ಮಣ್ಣು ಕಲ್ಲಿನ ಏರಿ ಹಾಕಿ, ಗಟ್ಟಿ ಗಾರೆ ಕೆಲಸದ ತೂಬು ಕಟ್ಟಿ ಎಷ್ಟು ಕೆರೆಗಳನ್ನು ಮಾಡಿದ್ದಾರೆ ನೋಡಿ ಎನ್ನುತ್ತಾನೆ. ಎದುರಿಗಿದ್ದ ಒಂದು ನಕ್ಷೆಯೊಳಗೇ ತಾನು ಕುಳಿತು ಎಣಿಸಿದ್ದಾಗಿ, 1,100ಕ್ಕೂ ಹೆಚ್ಚು ಕೆರೆಗಳು ಸಿಕ್ಕಿದ್ದಾಗಿ ಹೇಳುತ್ತಾನೆ. ಎರಡು ಮೂರು ಎಕರೆಯ ಕಟ್ಟೆಯಿಂದ ಐದು ಮೈಲಿ ಸುತ್ತಳತೆಯ ಕೆರೆಯವರೆಗೆ. ಇವು ನಿಜವಾದ ರಾಜರ ಸ್ಮಾರಕಗಳು, ತಮ್ಮ ಪ್ರಜೆಗಳಿಗೆ ತಂದೆಯಾಗಿದ್ದವರ ಸ್ಮಾರಕಗಳು ಎಂಬುದು ಅವನ ಮಾತಿನ ಸಾರ. ಇಂಡಿಯಾಕ್ಕೆ ಒಮ್ಮೆಯೂ ಕಾಲಿಡದ ಆ ಐರಿಷ್ ಮನುಷ್ಯ ಲಂಡನ್ನಿನಲ್ಲಿ ನಕ್ಷೆ ಹರಡಿಕೊಂಡು ನಮ್ಮ ಪಕ್ಕದ ಸೀಮೆಯ ಕೆರೆ ಎಣಿಸುತ್ತಿದ್ದ ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ನಕ್ಷೆಯ ಮೇಲೆ ಕೆರೆ ಎಣಿಸುವ ಕೆಲಸ ಎಂಥದೆಂದು ಗೊತ್ತಿರುವುದರಿಂದಲೂ ಇರಬಹುದು. ಅದೇ ಬರ್ಕ್ ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ವಿರುದ್ಧದ ಮಹಾಭಿಯೋಗದಲ್ಲಿ 1788ರಿಂದ ಏಳು ವರ್ಷ ಹೆಣಗಿದ. 1795ರಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾದ. ಸಂಪ್ರದಾಯವಾದದ ಮೂಲಪುರುಷ ಎನಿಸಿಕೊಂಡವನು ತನ್ನದೇ ದೇಶದ ಅಧಿಕಾರಿಯನ್ನು, ಪರದೇಶದ ಜನರ ಪರವಾಗಿ, ಕಟಕಟೆಗೆ ಎಳೆದಿದ್ದ. ನಿಮ್ಮ ಯಾವ ಸಿನಿಮಾದಲ್ಲಾದರೂ ಇಂಥ ನಾಯಕ ಇದ್ದಾನೆಯೇ?

ಕೆರೆಯ ಮಾತು ಬಂದಿದ್ದರಿಂದ ಇನ್ನೊಂದು ನಿಮಿಷ. ನಮ್ಮ ಹಳೇಬೀಡಿನ ಹಳೆಯ ಹೆಸರೇ ದೋರಸಮುದ್ರ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ನೀವೂ ನಾನೂ ಸಿಹಿ ಹಂಚಿದೆವು. ಗುಡಿಯ ಬಳಿಯ ಕೆರೆಯನ್ನು ಆ ದಿನ ಯಾರು ನೆನೆದರು? ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿಯೊಬ್ಬಳು ಮಗುವಿಗೆ ಹಾಲೂಡಿಸುತ್ತ ಹೇಳುತ್ತಾಳೆ: ಕೆರೆಯಂ ಕಟ್ಟಿಸು, ಬಾವಿಯಂ ಸವೆಸು, ದೇವಾಗಾರಮಂ ಮಾಡಿಸು. ಗುಡಿ ಬರುವುದು ಮೂರನೆಯದಾಗಿ. ನಾನು ಕಂದಾಯ ನಿರೀಕ್ಷಕನಾಗಿದ್ದಾಗ ಒಂದು ಊರಿನ ಕೆರೆ ಅಳೆಯಲು ಹೋಗಿದ್ದೆ. ದಾಖಲೆಯಲ್ಲಿ 14 ಎಕರೆ 20 ಗುಂಟೆ. ಸರಪಳಿ ಹಿಡಿದಾಗ ಸಿಕ್ಕಿದ್ದು ಒಂಬತ್ತು ಎಕರೆ ಚಿಲ್ಲರೆ. ಉಳಿದದ್ದು ಅಡಿಕೆ, ತೆಂಗು, ಒಂದು ಕಲ್ಯಾಣಮಂಟಪದ ಹಿಂಗೋಡೆ. ಒತ್ತುವರಿದಾರರಲ್ಲಿ ಒಬ್ಬರು ನವೆಂಬರ್ ಬಂದರೆ ಸಂಸ್ಕೃತಿಯ ಉಳಿವಿನ ಬಗ್ಗೆ ಭಾಷಣ ಮಾಡುತ್ತಿದ್ದ ಗಣ್ಯರು. ಮಹಜರಿಗೆ ಸಹಿ ಮಾಡಲು ಹೇಳಿ ಕಳುಹಿಸಿದರೆ ಊರಲ್ಲಿಲ್ಲ ಎಂಬ ಉತ್ತರ ಬಂತು. ಅವರ ಚಪ್ಪಲಿ ಜಗಲಿಯ ಮೇಲೇ ಇತ್ತು.

ಈಗ ಎಸ್.ಎಲ್. ಭೈರಪ್ಪನವರ ವಿಷಯ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು, ನಮ್ಮ ಜಿಲ್ಲೆಯವರು. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ನೀವು ಶ್ರದ್ಧಾಂಜಲಿ ಸಭೆ ಮಾಡಿದಿರಿ, ನಾನೂ ಬಂದಿದ್ದೆ. ನಿಮ್ಮ ಪಟ್ಟಿಯಲ್ಲಿ ಅವರದು ಒಂದೇ ಪುಸ್ತಕ, 2007ರ ‘ಆವರಣ’. ಅದು ಇರಲಿ, ತೆಗೆಯಬೇಡಿ. ಆದರೆ ಎರಡು ಡಜನ್ ಕಾದಂಬರಿ ಬರೆದ ಮನುಷ್ಯನಿಂದ ಒಂದನ್ನೇ ಆರಿಸಿಕೊಂಡದ್ದು ಏಕೆ? ಅದು ಬೇರೆಯವರ ತಪ್ಪನ್ನು ಹೇಳುತ್ತದೆ, ಉಳಿದವು ನಮ್ಮ ಮನೆಯ ಒಳಗೆ ದೀಪ ಹಿಡಿಯುತ್ತವೆ ಎಂದು ತಾನೇ?

‘ಗೃಹಭಂಗ’ವನ್ನು ತೆಗೆದುಕೊಳ್ಳಿ, 1970ರದು. ಅದರ ಚೆನ್ನಿಗರಾಯ ವಂಶಪಾರಂಪರ್ಯದ ಶಾನುಭೋಗ. ಲೆಕ್ಕ ಬರೆಯುವವಳು ಮಾತ್ರ ಅವನ ಹೆಂಡತಿ ನಂಜಮ್ಮ. ಅವನಿಗೆ ಊಟ, ನಿದ್ದೆ, ಬೈಗುಳ; ಅವಳಿಗೆ ಸಂಸಾರ, ಬಡತನ, ಪ್ಲೇಗು. ಶಾನುಭೋಗಿಕೆಯ ಮನೆತನಗಳ ಕಥೆಯನ್ನು ಕಚೇರಿಯ ಹಳೆಯ ಕಡತಗಳಲ್ಲಿ ಬೇಕಾದಷ್ಟು ಓದಿದ್ದೇನೆ. ಯಾವ ಕಡತದಲ್ಲೂ ನಂಜಮ್ಮನ ಅಕ್ಷರವೆಂದು ನಮೂದಾಗಿರುವುದಿಲ್ಲ. ಹಳೆಯ ಕುಟುಂಬ ವ್ಯವಸ್ಥೆಯನ್ನು ಹೊಗಳುವ ನಾವು ಅದನ್ನು ಹೊತ್ತವರು ಯಾರು ಎಂದು ತಿಳಿಯಲು ಈ ಪುಸ್ತಕವನ್ನು ಓದಲೇಬೇಕು. ಹೊಗಳುವುದನ್ನು ನಿಲ್ಲಿಸಬೇಕೆಂದಲ್ಲ, ಯಾರನ್ನು ಹೊಗಳಬೇಕೆಂದು ತಿಳಿದುಕೊಳ್ಳಲು.

1965ರ ‘ವಂಶವೃಕ್ಷ’ ನನಗೆ ಇನ್ನೂ ಹತ್ತಿರದ್ದು. ಖಾತೆ ಬದಲಾವಣೆಗೆ ವಂಶವೃಕ್ಷದ ದೃಢೀಕರಣ ಬೇಕೆಂಬುದು ನಿಮಗೆ ಗೊತ್ತಿರುವುದೇ. ನಾನು ಅಂಥವನ್ನು ನೂರಾರು ಪರಿಶೀಲಿಸಿದ್ದೇನೆ. ಗೆರೆ ಎಳೆದು ಹೆಸರು ಬರೆದು ಪಂಚರಿಂದ ಸಹಿ ಮಾಡಿಸಿದರೆ ಮರ ಸಿದ್ಧ. ಭೈರಪ್ಪನವರ ಶ್ರೀನಿವಾಸ ಶ್ರೋತ್ರಿ ಹಾಗೆ ಸಿದ್ಧವಾದ ಮರವನ್ನು ನಂಬಿ ಬದುಕಿದವರು. ವಿಧವೆ ಸೊಸೆ ಮರುಮದುವೆಯಾದರೂ ಮೊಮ್ಮಗ ಈ ವಂಶದ ಕುಡಿ ಎಂದು ಉಳಿಸಿಕೊಂಡವರು. ಕೊನೆಗೆ ಮನೆಯ ಹಳೆಯ ಕಾಗದಗಳ ನಡುವೆ ತಮ್ಮ ಹುಟ್ಟಿನ ಸತ್ಯವೇ ಬೇರೆ ಎಂದು ತಿಳಿಯುತ್ತದೆ. ತಾವು ಆ ವಂಶದ ರಕ್ತವೇ ಅಲ್ಲ. ಆಗ ಅವರು ಕಾಗದವನ್ನು ಸುಟ್ಟು ಸುಮ್ಮನಾಗುವುದಿಲ್ಲ, ಮನೆ ಬಿಟ್ಟು ನಡೆಯುತ್ತಾರೆ. ಧರ್ಮನಿಷ್ಠ ಎಂದರೆ ಹೀಗಿರಬೇಕು. ದಾಖಲೆ ತನ್ನ ವಿರುದ್ಧ ಬಂದಾಗಲೂ ಅದನ್ನು ದಾಖಲೆಯೆಂದೇ ಒಪ್ಪುವುದು. ಇತಿಹಾಸದ ಪುಸ್ತಕ ಓದುವಾಗ ನಮ್ಮಲ್ಲಿ ಎಷ್ಟು ಜನಕ್ಕೆ ಈ ಎದೆ ಇದೆ?

ಭೈರಪ್ಪನವರ ಬಗ್ಗೆ ಇನ್ನೊಂದು ಮಾತು. ಕಡೆಯ ವರ್ಷಗಳಲ್ಲಿ ತಮ್ಮೂರಿನ ಕೆರೆಗೆ ನೀರು ತುಂಬಿಸುವ ಯೋಜನೆಗಾಗಿ ಅವರು ಸರ್ಕಾರದ ಬೆನ್ನುಹತ್ತಿದರು, ಕೆರೆ ತುಂಬಿದ್ದನ್ನೂ ನೋಡಿದರು. ಬರ್ಕ್ ಇದ್ದಿದ್ದರೆ ಎಣಿಕೆಗೆ ಒಂದನ್ನು ಸೇರಿಸಿಕೊಳ್ಳುತ್ತಿದ್ದ.

‘ವಂಶವೃಕ್ಷ’ವನ್ನು 1972ರಲ್ಲಿ ಸಿನಿಮಾ ಮಾಡಿದವರು ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತ. ಆ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ವಿಷ್ಣುವರ್ಧನ್ ತೆರೆಗೆ ಬಂದದ್ದೂ ಆ ಚಿತ್ರದಿಂದ. ಕಾರ್ನಾಡರಿಗೂ ಭೈರಪ್ಪನವರಿಗೂ ಆಮೇಲೆ ಪತ್ರಿಕೆಗಳಲ್ಲಿ ನಡೆದ ಜಟಾಪಟಿ ನಿಮಗೆ ಬಾಯಿಪಾಠ. ಆದರೆ ಆ ಜಟಾಪಟಿಗೆ ಬಹಳ ಮೊದಲೇ, 1977ರಲ್ಲಿ, ಅದೇ ಇಬ್ಬರು ನಿರ್ದೇಶಕರು ‘ತಬ್ಬಲಿಯು ನೀನಾದೆ ಮಗನೆ’ಯನ್ನೂ ಚಿತ್ರ ಮಾಡಿದರು. ಗೋವಿನ ಬಗ್ಗೆ ಅಷ್ಟು ಗಂಭೀರವಾಗಿ ಯೋಚಿಸಿದ ಕಥೆ ನಿಮ್ಮ ಪಟ್ಟಿಯಲ್ಲಿ ಇಲ್ಲ ಎಂದರೆ ನಂಬುವುದು ಕಷ್ಟ. ನಿರ್ದೇಶಕರ ಹೆಸರು ನೋಡಿ ಬಿಟ್ಟಿರಿ ಎಂಬ ಗುಮಾನಿ ನನಗಿದೆ.

ಅದೇ ಗುಮಾನಿಯಿಂದ ಕೇಳುತ್ತೇನೆ, ‘ಸಂಸ್ಕಾರ’ ಎಲ್ಲಿ? ಯು.ಆರ್. ಅನಂತಮೂರ್ತಿಯವರ ಹೆಸರು ಎತ್ತಿದರೆ ನಿಮ್ಮಲ್ಲಿ ಕೆಲವರು ಕುರ್ಚಿ ಸರಿಸಿಕೊಂಡು ಏಳುತ್ತೀರಿ. ಏಳಿ, ಆದರೆ ಬಾಗಿಲಲ್ಲಿ ನಿಂತು ಕೇಳಿ. ಅವರ ಕಾದಂಬರಿಯಿಂದ ಬಂದ 1970ರ ಆ ಚಿತ್ರವನ್ನು ತೆಗೆದದ್ದು ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯ ಹತ್ತಿರ. ಸೆನ್ಸಾರ್ ಮಂಡಳಿ ಮೊದಲು ಅದನ್ನು ತಡೆಯಿತು, ಬಿಡುಗಡೆಯಾದ ಮೇಲೆ ಅದೇ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸಂಸ್ಕಾರ ಮಾಡುವವರು ಯಾರೆಂದು ಶಾಸ್ತ್ರ ಹುಡುಕುತ್ತ ಕೂತಿದ್ದಾರೆ, ಇಲಿಗಳು ಸಾಯುತ್ತಿವೆ. ಇದು ಸಂಪ್ರದಾಯದ ಮೇಲಿನ ದಾಳಿ ಎನ್ನುತ್ತೀರಿ. ನಾನು ಹಾಗೆ ಓದುವುದಿಲ್ಲ. ಪ್ರಾಣೇಶಾಚಾರ್ಯರು ಶಾಸ್ತ್ರವನ್ನು ನಿಜವಾಗಿ ನಂಬಿದ್ದರಿಂದಲೇ ಅವರಿಗೆ ಸಂಕಟ. ಉಳಿದವರಿಗೆ ಇದ್ದದ್ದು ಆ ಹೆಣದ ಮನೆಯ ಚಿನ್ನದ ಮೇಲಿನ ಕಣ್ಣು. ಆ ಉಳಿದವರು ನಾವಲ್ಲ ಎಂದು ಪ್ರಮಾಣ ಮಾಡಬಲ್ಲವರು ಮಾತ್ರ ಆ ಚಿತ್ರವನ್ನು ಬಹಿಷ್ಕರಿಸಲಿ.

ಗಾಂಧಿ ಇಲ್ಲ. ಇದನ್ನು ಮರೆವು ಎಂದೇ ಭಾವಿಸುತ್ತೇನೆ. 1909ರಲ್ಲಿ ಹಡಗಿನಲ್ಲಿ ಕುಳಿತು ಗುಜರಾತಿಯಲ್ಲಿ ಬರೆದ ‘ಹಿಂದ್ ಸ್ವರಾಜ್’ಗಿಂತ ತೀವ್ರವಾದ ಸಂಪ್ರದಾಯವಾದಿ ಪುಸ್ತಕ ಈ ದೇಶದಲ್ಲಿ ಬಂದಿಲ್ಲ. ರೈಲು ಬೇಡ, ವಕೀಲರು ಬೇಡ, ಡಾಕ್ಟರು ಬೇಡ ಎಂದ ಪುಸ್ತಕ ಅದು. ನನಗೂ ಅದನ್ನು ಪೂರ್ತಿ ಒಪ್ಪಲಾಗದು, ನನ್ನ ಎರಡೂ ಮೊಣಕಾಲುಗಳು ಡಾಕ್ಟರರ ಕೃಪೆ. ಅದೇ ವರ್ಷ ಲಂಡನ್ನಿನ ಪತ್ರಿಕೆಯೊಂದರಲ್ಲಿ ಜಿ.ಕೆ. ಚೆಸ್ಟರ್‌ಟನ್ ಎಂಬ ಇಂಗ್ಲಿಷ್ ಲೇಖಕ ಒಂದು ಲೇಖನ ಬರೆದಿದ್ದ. ಭಾರತದ ರಾಷ್ಟ್ರೀಯತೆ ಅಷ್ಟೇನೂ ಭಾರತೀಯವಾಗಿಲ್ಲ, ಇವರು ಕೇಳುತ್ತಿರುವುದೆಲ್ಲ ಇಂಗ್ಲೆಂಡಿನ ಸರಕು ಎಂಬುದು ಅವನ ತಕರಾರು. ಗಾಂಧಿಗೆ ಅದು ನಾಟಿತು. ಅದನ್ನು ಗುಜರಾತಿಗೆ ತಂದು ತಮ್ಮ ಓದುಗರ ಮುಂದಿಟ್ಟರು. ರಸ್ತೆಗೆ ಅಡ್ಡವಾಗಿ ನಿಂತ ಬೇಲಿಯನ್ನು ಏಕೆ ಹಾಕಿದ್ದಾರೆಂದು ತಿಳಿಯುವವರೆಗೆ ಕೀಳಬೇಡ ಎಂಬ ಪ್ರಸಿದ್ಧ ದೃಷ್ಟಾಂತವೂ ಆ ಚೆಸ್ಟರ್‌ಟನ್ನನದೇ, 1929ರದು. ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದಕ್ಕೆ ಇನ್ನೊಂದು ಬದಿಯೂ ಇದೆ: ಏಕೆ ಹಾಕಿದ್ದರೆಂದು ಗೊತ್ತಾದ ಮೇಲೆ ಕೀಳಬೇಕಾದ ಬೇಲಿಗಳೂ ಇರುತ್ತವೆ. 1975ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ಭೈರಪ್ಪನವರ ‘ದಾಟು’ ಇರುವುದು ಜಾತಿಯೆಂಬ ಅಂಥ ಬೇಲಿಯ ಮೇಲೆಯೇ.

ಹಯೆಕ್, ಆರ್ವೆಲ್ ಇದ್ದಾರೆ, ಒಳ್ಳೆಯದು. ಸಣ್ಣ ಟಿಪ್ಪಣಿ ಅಂಟಿಸಿ. 1944ರ ‘ದಿ ರೋಡ್ ಟು ಸರ್ಫ್‌ಡಮ್’ ಬರೆದ ಅರ್ಥಶಾಸ್ತ್ರಜ್ಞ ಹಯೆಕ್, ತಾನು ಏಕೆ ಸಂಪ್ರದಾಯವಾದಿಯಲ್ಲ ಎಂದು ಪ್ರತ್ಯೇಕವಾಗಿ ಒಂದು ಪ್ರಬಂಧವನ್ನೇ ಬರೆದಿದ್ದಾನೆ. ‘ಅನಿಮಲ್ ಫಾರ್ಮ್’ ಬರೆದ ಆರ್ವೆಲ್ ಕೊನೆಯವರೆಗೂ ಸಮಾಜವಾದಿ. ಈ ಟಿಪ್ಪಣಿ ನೀವು ಅಂಟಿಸದಿದ್ದರೆ ನನ್ನ ತಂಗಿಯ ಮಗ ಬಂದು ಅಂಟಿಸುತ್ತಾನೆ. ರಾಜಾಜಿಯವರದು ಏನಾದರೂ ಸೇರಿಸಿ. 1959ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಎಲ್ಲದಕ್ಕೂ ಸರ್ಕಾರದ ಪರವಾನಗಿ ಕೇಳುವ ಪರ್ಮಿಟ್ ರಾಜ್ಯದ ವಿರುದ್ಧ ಸ್ವತಂತ್ರ ಪಕ್ಷ ಕಟ್ಟಿದವರು. ಡಿ.ವಿ.ಜಿ.ಯವರ ಕಗ್ಗ ನಿಮ್ಮೆಲ್ಲರ ಮದುವೆ ಕರೆಯೋಲೆಗಳಲ್ಲಿ ಇರುವುದರಿಂದ ಅದನ್ನು ಬಿಟ್ಟು ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳನ್ನು ತನ್ನಿ.

ಸಿನಿಮಾ ಬೇಕು ಎಂದರೆ ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ ಹುಟ್ಟಿದ ‘ಭೂತಯ್ಯನ ಮಗ ಅಯ್ಯು’ವನ್ನು, 1974ರದ್ದು, ದೊಡ್ಡ ಗೋಡೆಯ ಮೇಲೆ ಹಾಕಿ. ತಂದೆಯ ಸಾಲಪತ್ರಗಳ ಜೊತೆಗೆ ತಂದೆಯ ಹಗೆಯನ್ನೂ ಪಡೆದ ಮಗ ಅಯ್ಯು. ಹಗೆ ಕೋರ್ಟಿಗೆ ಹೋಗಿ ಎರಡು ಮನೆಗಳನ್ನು ಹೇಗೆ ತಿನ್ನುತ್ತದೆ ಎಂಬುದನ್ನು ವಕೀಲರ ಕಚೇರಿಗಳ ಎದುರಿಗಿರುವ ನಿಮ್ಮ ಕೋಣೆಯಲ್ಲಿ ನೋಡುವುದು ಸೂಕ್ತ. ತೇಜಸ್ವಿಯವರ ಕಥೆಯನ್ನು ಗಿರೀಶ ಕಾಸರವಳ್ಳಿ ಚಿತ್ರ ಮಾಡಿದ ‘ತಬರನ ಕಥೆ’ಯೂ ಬೇಕು. 1986ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಅದಕ್ಕೆ, ನಟ ಪ್ರಶಸ್ತಿ ಚಾರುಹಾಸನ್‌ಗೆ. ಸರ್ಕಾರ ದೊಡ್ಡದಾದಷ್ಟೂ ಬಡವನಿಗೆ ಬಾಗಿಲು ಸಣ್ಣದಾಗುತ್ತದೆ ಎಂದು ಭಾಷಣ ಮಾಡುವ ನಾವು, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ತಬರಶೆಟ್ಟಿಯನ್ನು ನಮ್ಮವನೆಂದು ಏಕೆ ಕರೆದುಕೊಂಡಿಲ್ಲವೋ ತಿಳಿಯದು. ಮೇಜಿನ ಆ ಬದಿಯಲ್ಲಿ ಕುಳಿತವನು ನಾನು. ಆ ಚಿತ್ರವನ್ನು ಎರಡನೆಯ ಸಲ ನೋಡಲು ನನಗೆ ಆರು ವರ್ಷ ಬೇಕಾಯಿತು.

ಅಮೆರಿಕದ ಸಂಪ್ರದಾಯವಾದಿಗಳ ಪತ್ರಿಕೆ ‘ನ್ಯಾಷನಲ್ ರಿವ್ಯೂ’ 2009ರಲ್ಲಿ ಹಿಂದಿನ 25 ವರ್ಷಗಳ ಅತ್ಯುತ್ತಮ ಸಂಪ್ರದಾಯವಾದಿ ಸಿನಿಮಾಗಳ ಪಟ್ಟಿ ಮಾಡಿತ್ತು. ಮೊದಲ ಸ್ಥಾನ ಕೊಟ್ಟದ್ದು ಯಾವ ಯುದ್ಧದ ಚಿತ್ರಕ್ಕೂ ಅಲ್ಲ, ‘ದಿ ಲೈವ್ಸ್ ಆಫ್ ಅದರ್ಸ್’ ಎಂಬ 2006ರ ಜರ್ಮನ್ ಚಿತ್ರಕ್ಕೆ. ಪೂರ್ವ ಬರ್ಲಿನ್ನಿನ ಗುಪ್ತ ಪೊಲೀಸಿನವನೊಬ್ಬ ನಾಟಕಕಾರನ ಮನೆಯ ಮಾತುಗಳನ್ನು ಅಟ್ಟದಲ್ಲಿ ಕುಳಿತು ಕದ್ದು ಕೇಳುತ್ತಾನೆ. ಕೇಳುತ್ತ ಕೇಳುತ್ತ ತಾನೇ ಬದಲಾಗುತ್ತಾನೆ. ಅದನ್ನು ಕಮ್ಯುನಿಸ್ಟರ ವಿರುದ್ಧದ ಚಿತ್ರವೆಂದು ತೋರಿಸಿ ಮನೆಗೆ ಕಳುಹಿಸಬೇಡಿ. ಪಕ್ಕದ ಮನೆಯ ಹುಡುಗಿ ಯಾರ ಬೈಕಿನಲ್ಲಿ ಬಂದಳೆಂದು ಬರೆದಿಟ್ಟುಕೊಳ್ಳುವ ನಮ್ಮೂರಿನ ಅಟ್ಟಗಳ ಬಗ್ಗೆಯೂ ಆ ರಾತ್ರಿ ಮಾತಾಗಲಿ.

ಅದರ ಜೊತೆಗೆ 1966ರ ‘ಎ ಮ್ಯಾನ್ ಫಾರ್ ಆಲ್ ಸೀಸನ್ಸ್’. ರಾಜನ ಇಚ್ಛೆಗೆ ತಲೆ ಬಾಗದೆ 1535ರಲ್ಲಿ ತಲೆ ಕೊಟ್ಟ ಥಾಮಸ್ ಮೋರನ ಕಥೆ. ಸೈತಾನನನ್ನು ಹಿಡಿಯಲು ದೇಶದ ಕಾನೂನುಗಳನ್ನೆಲ್ಲ ಕಡಿಯುತ್ತೇನೆ ಎನ್ನುವ ಅಳಿಯನಿಗೆ ಮೋರ್ ಕೇಳುತ್ತಾನೆ: ಎಲ್ಲ ಕಡಿದ ಮೇಲೆ ಸೈತಾನ ನಿನ್ನ ಕಡೆಗೆ ತಿರುಗಿದರೆ ಎಲ್ಲಿ ಅಡಗುತ್ತೀಯ? ಮೂಡಿಗೆರೆಯಲ್ಲಿ ನೆರಳು ಮರಗಳನ್ನೆಲ್ಲ ಮಾರಿ, ಮುಂದಿನ ಬೇಸಿಗೆಗೆ ಕಾಫಿ ಗಿಡ ಸುಟ್ಟುಕೊಂಡ ತೋಟವೊಂದನ್ನು ನೋಡಿದ್ದೇನೆ. ಆ ದೃಶ್ಯ ಬಂದಾಗಲೆಲ್ಲ ನನಗೆ ಕಾಣುವುದು ಅದೇ ತೋಟ.

ಕೊನೆಯದಾಗಿ ಒಂದು ಜಪಾನಿ ಚಿತ್ರ. 1953ರ ‘ಟೋಕಿಯೋ ಸ್ಟೋರಿ’, ನಿರ್ದೇಶಕ ಯಾಸುಜಿರೊ ಓಜು. ದೂರದ ಊರಿನಿಂದ ಮುದಿ ತಂದೆ ತಾಯಿ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ಮಗ ಡಾಕ್ಟರು, ಅವನಿಗೆ ಪುರುಸೊತ್ತಿಲ್ಲ. ಮಗಳದು ಕೇಶಾಲಂಕಾರದ ಅಂಗಡಿ, ಅವಳಿಗೂ ಇಲ್ಲ. ದುಡ್ಡು ಸೇರಿಸಿ ಇಬ್ಬರನ್ನೂ ಬಿಸಿನೀರಿನ ಬುಗ್ಗೆಯ ಊರಿಗೆ ಸಾಗಹಾಕುತ್ತಾರೆ. ಅಲ್ಲಿನ ಗಲಾಟೆಯಲ್ಲಿ ಮುದುಕರಿಗೆ ನಿದ್ದೆ ಬರುವುದಿಲ್ಲ. ರಜೆ ಹಾಕಿ ಅವರನ್ನು ಊರು ಸುತ್ತಿಸುವವಳು ಯುದ್ಧದಲ್ಲಿ ಸತ್ತ ಮಗನ ಹೆಂಡತಿ, ಒಂದೇ ಕೋಣೆಯ ಮನೆಯವಳು. ಊರಿಗೆ ಮರಳಿದ ಮೇಲೆ ತಾಯಿ ಸಾಯುತ್ತಾಳೆ. ಇಷ್ಟೇ ಕಥೆ. ಯಾರೂ ಕೂಗುವುದಿಲ್ಲ, ಯಾರೂ ಕೆಟ್ಟವರಲ್ಲ, ಪಾಶ್ಚಾತ್ಯ ಸಂಸ್ಕೃತಿ ಹಾಳು ಮಾಡಿತು ಎಂದು ಯಾರೂ ಭಾಷಣ ಮಾಡುವುದಿಲ್ಲ. ಸಕಲೇಶಪುರದ ಕಡೆ, ಹನ್ನೆರಡು ಕಂಬದ ತೊಟ್ಟಿಮನೆಗಳಲ್ಲಿ ಇಬ್ಬರೇ ಮುದುಕರು, ಅಟ್ಟದ ಮೇಲೆ ಬೆಂಗಳೂರಿನ ಮೊಮ್ಮಕ್ಕಳ ಮುರಿದ ಸೈಕಲ್. ಕುಟುಂಬ ಮೌಲ್ಯ ಎಂಬ ಮಾತನ್ನು ನಾನು ನಿಮ್ಮ ಸಭೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಆ ಮಾತು ಒಮ್ಮೆಯೂ ಬರದ ಈ ಚಿತ್ರ ನೋಡಿ ಹೊರಬಂದ ರಾತ್ರಿ ನಾನು ಚನ್ನರಾಯಪಟ್ಟಣದ ನನ್ನ ಅತ್ತಿಗೆಗೆ ಫೋನ್ ಮಾಡಿದೆ. ಅಣ್ಣ ಹೋಗಿ ಏಳು ವರ್ಷವಾಗಿತ್ತು, ನಾನು ಆ ಮನೆಗೆ ಹೋಗಿ ಐದು.

ನಿಮ್ಮ 22ರಲ್ಲಿ ಯಾವುದನ್ನೂ ಸುಡಬೇಕೆಂದು ನಾನು ಹೇಳಿಲ್ಲ. ಸೋವಿಯತ್ ಸೆರೆಶಿಬಿರಗಳ ಕಥೆ ಬರೆದ ಸೊಲ್ಜೆನಿತ್ಸಿನ್ ಇರಲೇಬೇಕು. ಉಳಿದವನ್ನು ಕೆಳಗಿನ ಅರೆಗೆ ಇಳಿಸಿ, ಮೇಲಿನ ಎರಡು ಅರೆಗಳನ್ನು ಖಾಲಿ ಮಾಡಿಕೊಡಿ. ಈ ಪತ್ರದ ಜೊತೆಗೆ ನನ್ನ ‘ಗೃಹಭಂಗ’, ‘ವಂಶವೃಕ್ಷ’ ಮತ್ತು ‘ಹಿಂದ್ ಸ್ವರಾಜ್’ ಕಳುಹಿಸುತ್ತಿದ್ದೇನೆ. ಉಡುಗೊರೆಯಲ್ಲ, ಕಡ. ಒಂದು ದಪ್ಪ ರಿಜಿಸ್ಟರ್ ಇಡಿ; ಒಯ್ದವರ ಹೆಸರು, ದಿನಾಂಕ, ವಾಪಸು ಬಂದ ದಿನಾಂಕ, ಸಹಿ. ಆರು ತಿಂಗಳಿಗೊಮ್ಮೆ ನಾನು ಬಂದು ತಪಾಸಣೆ ಮಾಡುತ್ತೇನೆ. ‘ಗೃಹಭಂಗ’ದ ರಟ್ಟು ಸಡಿಲವಾಗಿದೆ, ಬೆನ್ನಿಗೆ ಬಟ್ಟೆ ಅಂಟಿಸಿದವಳು ನನ್ನ ಹೆಂಡತಿ, ಜೋಪಾನ. ‘ಟೋಕಿಯೋ ಸ್ಟೋರಿ’ ತೋರಿಸುವ ದಿನ ಮೊದಲೇ ತಿಳಿಸಿ, ಅತ್ತಿಗೆಯನ್ನು ಕರೆದುಕೊಂಡು ಬರಬೇಕು. ಅವರಿಗೆ ಬೆಂಚಿನ ಮೇಲೆ ಕೂರಲಾಗುವುದಿಲ್ಲ, ಒಂದು ಒರಗುಕುರ್ಚಿ ಹಾಕಿಸಿ.

ನಿಮ್ಮವನೇ ಆದ,
ಒಬ್ಬ ನಿವೃತ್ತ ಕಂದಾಯ ನಿರೀಕ್ಷಕ
ಹಾಸನ